ಯಂತ್ರದ ನಾಡಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ತೆಂಗಿನ ಸೀಮೆಯೆಂದು ನಾಡಿನಲ್ಲೆಲ್ಲ ಹೆಸರಾಗಿವೆ. ತಿಪಟೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಹೊನ್ನವಳ್ಳಿ ಈ ಸೀಮೆಯ ಊರುಗಳಲ್ಲೊಂದು. ಇಲ್ಲಿನ ರೈತನು ಬಲಿತ ಕಾಯಿಗಳನ್ನು ಸಿಪ್ಪೆಸಹಿತವಾಗಿ ಅಟ್ಟಕ್ಕೇರಿಸಿ ತಿಂಗಳುಗಟ್ಟಲೆ ಕಾಯುತ್ತಾನೆ. ಕಾಯಿಯೊಳಗಿನ ನೀರು ಮೆಲ್ಲಮೆಲ್ಲನೆ ಇಂಗುತ್ತದೆ. ತಿರುಳು ಒಣಗಿ ಚಿಪ್ಪನ್ನು ಬಿಡುತ್ತದೆ. ಆಗ ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಒಳಗೆ ಗುಡುಗುಡು ಎಂಬ ಸದ್ದು ಕೇಳಿಸುತ್ತದೆ. ಅನುಭವಿಯಾದ ರೈತನಿಗೆ ಅಷ್ಟು ಸಾಕು. ಕಾಯಿ ಒಡೆಯದೆಯೇ ಕೊಬ್ಬರಿ ಸಿದ್ಧವಾಗಿದೆಯೋ ಇಲ್ಲವೋ ಎಂಬುದನ್ನು ಅವನು ಹೇಳಬಲ್ಲನು. ಹೊರಗಿನ ಸದ್ದಿನಿಂದ ಒಳಗಿನ ಸ್ಥಿತಿಯನ್ನು ಅರಿಯುವ ಈ ವಿದ್ಯೆ ಪುಸ್ತಕದಿಂದ ಬಂದುದಲ್ಲ. ಮನಸ್ಸಿಟ್ಟು ಮಾಡಿದ ಕೆಲಸದಿಂದ ಬಂದುದು.

ತೆಂಗಿನಲ್ಲಿ ವ್ಯರ್ಥವಾಗುವ ಭಾಗವಿಲ್ಲವೆಂಬುದು ಹಳೆಯ ಮಾತು. ಆದರೆ ಆ ಭಾಗಗಳನ್ನು ಉಪಯೋಗಕ್ಕೆ ತರುವ ಬಗೆ ಹಿಂದಿನಂತೆ ಉಳಿದಿಲ್ಲ. ನೆಲದಲ್ಲಿ ನೆಟ್ಟ ಕಬ್ಬಿಣದ ಮೊನೆಗೆ ಕಾಯನ್ನು ಒತ್ತಿ ಸುಲಿಯುತ್ತಿದ್ದ ಕೈಗಳ ಜೊತೆಗೆ ಈಗ ಸುಲಿಯುವ ಯಂತ್ರವೂ ಸೇರಿದೆ. ಸಿಪ್ಪೆಯನ್ನು ನೀರಿನಲ್ಲಿ ಕೊಳೆಹಾಕಿ ಬಡಿದು ನಾರು ತೆಗೆಯುತ್ತಿದ್ದ ಕಡೆ, ವೇಗವಾಗಿ ತಿರುಗುವ ಉರುಳೆಯೊಂದು ನಾರನ್ನೂ ಪುಡಿಯನ್ನೂ ಬೇರ್ಪಡಿಸುತ್ತದೆ. ಎತ್ತು ತಿರುಗಿಸುತ್ತಿದ್ದ ಗಾಣದ ಸ್ಥಳದಲ್ಲಿ ವಿದ್ಯುತ್ತಿನಿಂದ ನಡೆಯುವ ಗಾಣ ನಿಂತಿದೆ. ತೆಂಗಿನಕಾಯಿ ಪುಡಿಯ ಕಾರ್ಖಾನೆಗಳಲ್ಲಿ ತಿರುಳನ್ನು ತುರಿಯುವ, ಒಣಗಿಸುವ, ಜರಡಿ ಹಿಡಿಯುವ ಯಂತ್ರಗಳು ಸಾಲಾಗಿ ದುಡಿಯುತ್ತವೆ. ‘ಏತ’ ಎಂಬ ಮಾತಿನ ಅರ್ಥವೂ ಬದಲಾಗಿದೆ. ಒಂದು ಕಾಲಕ್ಕೆ ಅದು ಬಾವಿಯ ದಡದಲ್ಲಿ ಮನುಷ್ಯನ ಬಲದಿಂದ ಏರಿಳಿಯುತ್ತಿದ್ದ ಮರದ ದಿಮ್ಮಿ. ಇಂದು ಹೇಮಾವತಿ ನಾಲೆಯ ನೀರನ್ನು ಕೆರೆಗಳಿಗೆ ಏರಿಸುವ ಹೊನ್ನವಳ್ಳಿ ಏತ ನೀರಾವರಿ ಯೋಜನೆಯಲ್ಲಿ ಆ ಕೆಲಸವನ್ನು ಪಂಪುಗಳು ಮಾಡುತ್ತವೆ.

ಹೀಗೆ ತೋಟವನ್ನು ನಂಬಿದ ಬದುಕು ಯಂತ್ರವನ್ನೂ ನಂಬಬೇಕಾಗಿದೆ. ಯಂತ್ರವಾದರೋ ನಡೆಯುತ್ತಿರುವಷ್ಟು ದಿನ ಯಾರ ಕಣ್ಣಿಗೂ ಬೀಳುವುದಿಲ್ಲ. ನಿಂತ ಗಳಿಗೆಯಲ್ಲಿ ಎಲ್ಲರಿಗೂ ಅದೊಂದೇ ಕಾಣುತ್ತದೆ. ತೆಂಗಿನಕಾಯಿ ಪುಡಿಯ ಕಾರ್ಖಾನೆಯಲ್ಲಿ ಒಣಗಿಸುವ ಯಂತ್ರ ನಡುಹಗಲಿನಲ್ಲಿ ನಿಂತುಹೋಯಿತೆಂದು ಭಾವಿಸೋಣ. ಕಂದು ಸಿಪ್ಪೆ ಹೆರೆದು ತೊಳೆದಿಟ್ಟ ಬಿಳಿಯ ತಿರುಳು ಕಾಯುವಂಥ ವಸ್ತುವಲ್ಲ. ನೀರಿನಂಶ ತುಂಬಿದ ಅದು ಬಿಸಿಲ ದಿನಗಳಲ್ಲಿ ಬೇಗನೆ ಹುಳಿಯಾಗುತ್ತದೆ. ತಿರುಳು ಹೆರೆಯುವ ಹೆಂಗಸರು ಕೈಕಟ್ಟಿ ಕುಳಿತುಕೊಳ್ಳಬೇಕಾಗುತ್ತದೆ. ಕಾಯಿ ತುಂಬಿ ಬಂದ ಲಾರಿ ಬಾಗಿಲಲ್ಲೇ ನಿಲ್ಲುತ್ತದೆ. ದೂರದ ಪಟ್ಟಣದಿಂದ ರಿಪೇರಿ ಮಾಡುವವರು ಬರಲಿ ಎಂದು ಕಾಯುವ ಒಂದೊಂದು ಗಂಟೆಯೂ ಮಾಲೀಕನಿಗೆ ನಷ್ಟ, ಕೂಲಿಯವರಿಗೆ ಚಿಂತೆ. ಆ ಹೊತ್ತಿನಲ್ಲಿ ಊರು ಎದುರುನೋಡುವ ವ್ಯಕ್ತಿಯೇ ಕೈಗಾರಿಕಾ ಯಂತ್ರಗಳ ಮೆಕ್ಯಾನಿಕ್.

ಯಂತ್ರವನ್ನು ನಡೆಸುವವನು ಬೇರೆ, ಅದನ್ನು ಸುಸ್ಥಿತಿಯಲ್ಲಿಡುವವನು ಬೇರೆ. ನಡೆಸುವ ಕೆಲಸಗಾರನು ಯಂತ್ರದಿಂದ ವಸ್ತುವನ್ನು ಪಡೆಯುತ್ತಾನೆ. ಎಂಜಿನಿಯರನು ಯಂತ್ರ ಹೇಗಿರಬೇಕೆಂದು ಲೆಕ್ಕ ಹಾಕಿ ನಕ್ಷೆ ಬರೆಯುತ್ತಾನೆ. ಇವರಿಬ್ಬರ ನಡುವೆ ನಿಂತು, ನಕ್ಷೆಯನ್ನೂ ಓದಬಲ್ಲ, ಸ್ಪ್ಯಾನರನ್ನೂ ಹಿಡಿಯಬಲ್ಲ ಮೂರನೆಯವನೇ ಮೆಕ್ಯಾನಿಕ್. ಹೊಸ ಯಂತ್ರವನ್ನು ಅಡಿಪಾಯದ ಮೇಲೆ ಮಟ್ಟವಾಗಿ ಕೂರಿಸುವುದು, ಸವೆದ ಭಾಗಗಳನ್ನು ಬದಲಿಸುವುದು, ಎಣ್ಣೆ ಗ್ರೀಸುಗಳನ್ನು ಕಾಲಕಾಲಕ್ಕೆ ಉಣಿಸುವುದು, ಕೆಟ್ಟಾಗ ಕಾರಣವನ್ನು ಹುಡುಕಿ ಸರಿಪಡಿಸುವುದು, ಇವೆಲ್ಲ ಅವನ ಹೊಣೆ. ರೋಗಿಯ ನಾಡಿ ಹಿಡಿಯುವ ವೈದ್ಯನಿಗೂ ಅವನಿಗೂ ಹೆಚ್ಚಿನ ಭೇದವಿಲ್ಲ. ಭೇದವಿರುವುದು ಒಂದೇ ಕಡೆ: ವೈದ್ಯನ ರೋಗಿ ಬಾಯಿಬಿಟ್ಟು ತನ್ನ ನೋವನ್ನು ಹೇಳಿಕೊಳ್ಳಬಲ್ಲನು, ಯಂತ್ರಕ್ಕೆ ಆ ಭಾಗ್ಯವಿಲ್ಲ.

ಈ ವೃತ್ತಿ ಹೊಸದೆಂದು ತೋರಿದರೂ ಇದರ ಬೇರುಗಳು ಹಳ್ಳಿಯಲ್ಲಿಯೇ ಇವೆ. ಊರ ಕುಲುಮೆಯಲ್ಲಿ ಎತ್ತಿನ ಬಂಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುತ್ತಿದ್ದ ಬಗೆಯನ್ನು ಹಿರಿಯರು ಬಲ್ಲರು. ಪಟ್ಟಿಯನ್ನು ಚಕ್ರದ ಸುತ್ತಳತೆಗಿಂತ ತುಸು ಕಿರಿದಾಗಿಯೇ ಮಾಡಿ, ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದ ಕ್ಷಣದಲ್ಲಿ ಚಕ್ರಕ್ಕೆ ತೊಡಿಸಿ ನೀರೆರಚುತ್ತಿದ್ದರು. ತಣಿದು ಕುಗ್ಗಿದ ಪಟ್ಟಿ ಮರವನ್ನು ಬಿಗಿದಪ್ಪುತ್ತಿತ್ತು. ಇಂದಿನ ಮೆಕ್ಯಾನಿಕ್ ಬೇರಿಂಗನ್ನು ದಂಡಕ್ಕೆ ತೊಡಿಸುವಾಗ ಅನೇಕ ವೇಳೆ ಇದೇ ಉಪಾಯವನ್ನು ಬಳಸುತ್ತಾನೆ. ಬೇರಿಂಗಿನ ಒಳಬಳೆಯ ವ್ಯಾಸ ದಂಡದ ವ್ಯಾಸಕ್ಕಿಂತ ಕೂದಲೆಳೆಯಷ್ಟು ಕಿರಿದು. ಅದನ್ನು ಸುತ್ತಿಗೆಯಿಂದ ಹೊಡೆದು ಕೂರಿಸಿದರೆ ಒಳಗಿನ ಗುಂಡುಗಳೂ ಬಳೆಗಳೂ ಗಾಯಗೊಳ್ಳುತ್ತವೆ. ಹದವರಿತು ಬಿಸಿಮಾಡಿದರೆ ಅದು ತಾನಾಗಿಯೇ ಜಾರಿ ಕುಳಿತುಕೊಳ್ಳುತ್ತದೆ. ವಿಜ್ಞಾನದ ತರಗತಿಯಲ್ಲಿ ಓದುವ ‘ಉಷ್ಣದಿಂದ ಲೋಹಗಳು ಹಿಗ್ಗುತ್ತವೆ’ ಎಂಬ ಪಾಠ ಕಮ್ಮಾರನಿಗೂ ಗೊತ್ತಿತ್ತು, ಮೆಕ್ಯಾನಿಕ್ಕಿಗೂ ಗೊತ್ತಿರಬೇಕು. ಕಮ್ಮಾರನು ಕಣ್ಣಳತೆಯಿಂದ ಮಾಡಿದುದನ್ನು ಮೆಕ್ಯಾನಿಕ್ ಮಾಪನದಿಂದ ಮಾಡುತ್ತಾನೆ.

ಕುಲುಮೆಯ ವಿದ್ಯೆ ಕಾರ್ಖಾನೆಯ ವಿದ್ಯೆಯಾಗಿ ಬೆಳೆದ ಕಥೆ ಕರ್ನಾಟಕದ ಇತಿಹಾಸದ ಒಂದು ಭಾಗ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆಯನ್ನು ಆರಂಭಿಸಿತು. ಬೆಂಗಳೂರಿನಲ್ಲಿ 1940ರಲ್ಲಿ ವಿಮಾನ ಕಾರ್ಖಾನೆಯೂ, 1953ರಲ್ಲಿ ಯಂತ್ರಗಳನ್ನು ತಯಾರಿಸುವ ಯಂತ್ರಗಳಿಗಾಗಿಯೇ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಎಂಬ ಎಚ್.ಎಂ.ಟಿ. ಸಂಸ್ಥೆಯೂ ಸ್ಥಾಪನೆಯಾದುವು. ಕಟ್ಟಡವನ್ನೂ ಯಂತ್ರವನ್ನೂ ಹಣದಿಂದ ಕೊಳ್ಳಬಹುದು. ನುರಿತ ಕೈಗಳನ್ನು ಹಾಗೆ ಕೊಳ್ಳಲಾಗದು. ಇದನ್ನು ಚೆನ್ನಾಗಿ ಅರಿತಿದ್ದವರು ಸರ್ ಎಂ. ವಿಶ್ವೇಶ್ವರಯ್ಯನವರು. ಭದ್ರಾವತಿಯ ಕಾರ್ಖಾನೆಗೆ ಸಲ್ಲಿಸಿದ ಸೇವೆಗಾಗಿ ತಮಗೆ ಬರಬೇಕಾಗಿದ್ದ ಹಣವನ್ನು ಅವರು ಸ್ವಂತಕ್ಕೆ ಬಳಸದೆ ವೃತ್ತಿಶಿಕ್ಷಣಕ್ಕೆ ಮುಡಿಪಾಗಿಟ್ಟರು. ಬೆಂಗಳೂರಿನಲ್ಲಿ 1943ರಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ ಅವರ ಆ ದೂರದೃಷ್ಟಿಯ ಫಲ.

ಸ್ವಾತಂತ್ರ್ಯಾನಂತರ ಈ ಶಿಕ್ಷಣ ದೇಶದ ಎಲ್ಲೆಡೆಗೂ ಹರಡಿತು. 1950ರಲ್ಲಿ ಕೇಂದ್ರ ಸರ್ಕಾರವು ಕುಶಲಕರ್ಮಿಗಳ ತರಬೇತಿ ಯೋಜನೆಯನ್ನು ಪ್ರಾರಂಭಿಸಿತು. ಐ.ಟಿ.ಐ. ಎಂದು ಜನ ಕರೆಯುವ ಕೈಗಾರಿಕಾ ತರಬೇತಿ ಸಂಸ್ಥೆಗಳು ಈ ಯೋಜನೆಯಡಿಯಲ್ಲಿ ನಡೆಯುತ್ತವೆ. ಕಾರ್ಖಾನೆಗಳು ಎಳೆಯರನ್ನು ಸೇರಿಸಿಕೊಂಡು, ಭತ್ಯೆ ಕೊಟ್ಟು, ಕೆಲಸ ಕಲಿಸಬೇಕೆಂದು ವಿಧಿಸುವ ಅಪ್ರೆಂಟಿಸ್ ಕಾಯಿದೆ 1961ರಲ್ಲಿ ರಚನೆಯಾಯಿತು. ಹಿಂದೆ ತಂದೆಯಿಂದ ಮಗನಿಗೆ ಮಾತ್ರ ಇಳಿದುಬರುತ್ತಿದ್ದ ಕೈಗಾರಿಕೆಯ ಗುಟ್ಟುಗಳು ಹೀಗೆ ಯಾವ ಕುಲದವರಿಗೂ, ಹೆಣ್ಣುಮಕ್ಕಳಿಗೂ ದೊರೆಯುವಂತಾದುವು. ಇದೇನೂ ಸಣ್ಣ ಬದಲಾವಣೆಯಲ್ಲ.

ಹೊನ್ನವಳ್ಳಿಯ ವಿದ್ಯಾರ್ಥಿಯೊಬ್ಬನು ಈ ದಾರಿಯನ್ನು ಹಿಡಿಯಬೇಕೆಂದರೆ ಮೊದಲ ಮೆಟ್ಟಿಲು ಅವನ ಶಾಲೆಯಲ್ಲಿಯೇ ಇದೆ. ಎಸ್.ಎಸ್.ಎಲ್.ಸಿ. ಮುಗಿಸಿದವರು ಐ.ಟಿ.ಐ.ಯ ಫಿಟ್ಟರ್ ವಿಭಾಗಕ್ಕೆ ಸೇರಬಹುದು. ಅದು ಎರಡು ವರ್ಷಗಳ ಶಿಕ್ಷಣ. ಲೇತ್ ಯಂತ್ರದ ಮೇಲೆ ಲೋಹವನ್ನು ಕಡೆಯುವುದನ್ನು ಕಲಿಸುವ ಟರ್ನರ್, ಲೋಹಗಳನ್ನು ಬೆಸೆಯುವುದನ್ನು ಕಲಿಸುವ ವೆಲ್ಡರ್, ವಿದ್ಯುತ್ತಿನ ಕೆಲಸ ಕಲಿಸುವ ಎಲೆಕ್ಟ್ರೀಷಿಯನ್ ಮೊದಲಾದ ವಿಭಾಗಗಳೂ ಉಂಟು. ಯಂತ್ರಗಳ ದುರಸ್ತಿಗೆ ಇಳಿಯುವವನಿಗೆ ಫಿಟ್ಟರ್ ಶಿಕ್ಷಣ ಭದ್ರವಾದ ತಳಹದಿ. ಉಳಿದವುಗಳ ಅಲ್ಪಸ್ವಲ್ಪ ಪರಿಚಯವೂ ಅವನಿಗೆ ಬೇಕೇ ಬೇಕು. ಐ.ಟಿ.ಐ. ಮುಗಿಸಿದವರು ಪಾಲಿಟೆಕ್ನಿಕ್ಕಿನ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರಿ ಮುಂದೆ ಓದಲೂ ಅವಕಾಶವಿದೆ. ಈ ದಾರಿ ಮೊಟಕಾದುದೆಂಬ ಭಾವನೆ ಸರಿಯಲ್ಲ.

ತರಬೇತಿಯ ಮೊದಲ ದಿನಗಳು ಹುಡುಗರಿಗೆ ನಿರಾಶೆಯನ್ನುಂಟುಮಾಡುವುದುಂಟು. ದೊಡ್ಡ ದೊಡ್ಡ ಯಂತ್ರಗಳನ್ನು ಬಿಚ್ಚುವ ಕನಸು ಹೊತ್ತು ಬಂದವನ ಕೈಗೆ ಗುರುಗಳು ಒಂದು ಕಬ್ಬಿಣದ ತುಂಡನ್ನೂ ಒಂದು ಅರವನ್ನೂ ಕೊಡುತ್ತಾರೆ. ತುಂಡನ್ನು ವೈಸಿನಲ್ಲಿ ಬಿಗಿದು, ಅದರ ಮೈ ಸಮತಟ್ಟಾಗುವವರೆಗೆ ಉಜ್ಜಬೇಕು. ಅನಂತರ ಮೂಲೆಮಟ್ಟವನ್ನು ಅದಕ್ಕೆ ಆನಿಸಿ ಬೆಳಕಿಗೆ ಹಿಡಿಯಬೇಕು. ಎಲ್ಲಿ ಬೆಳಕಿನ ಎಳೆ ನುಸುಳುತ್ತದೆಯೋ ಅಲ್ಲಿ ತಗ್ಗಿದೆಯೆಂದು ಅರ್ಥ. ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಬೆಳಕು ಇಣುಕುತ್ತದೆ. ಅಂಗೈ ಬೊಕ್ಕೆಯೇಳುತ್ತದೆ, ಭುಜ ನೋಯುತ್ತದೆ. ಕೆಲವು ವಾರಗಳ ಬಳಿಕ ಒಂದು ದಿನ ಬೆಳಕು ಎಲ್ಲಿಯೂ ಕಾಣದಂತೆ ತುಂಡು ಕುಳಿತುಕೊಳ್ಳುತ್ತದೆ. ಆ ಹೊತ್ತಿಗೆ ಸಮವಾದುದು ಕಬ್ಬಿಣ ಮಾತ್ರವಲ್ಲ. ಹುಡುಗನ ಕೈಯೂ ಕಣ್ಣೂ ತಾಳ್ಮೆಯೂ ಒಂದು ಮಟ್ಟಕ್ಕೆ ಬಂದಿರುತ್ತವೆ.

ಬಳಿಕ ಅಳತೆಯ ಪಾಠ. ಬಡಗಿಗೆ ಒಂದು ಮಿಲಿಮೀಟರು ಅಲ್ಪವಾದುದು. ಮೆಕ್ಯಾನಿಕ್ಕಿಗೆ ಅದು ಬಹು ದೊಡ್ಡದು. ಅವನು ಬಳಸುವ ಮೈಕ್ರೋಮೀಟರು ಮಿಲಿಮೀಟರಿನ ನೂರರಲ್ಲಿ ಒಂದು ಭಾಗವನ್ನು ತೋರಿಸುತ್ತದೆ. ಇಲ್ಲಿ ಗಣಿತವು ಪರೀಕ್ಷೆಯ ವಿಷಯವಾಗಿ ಉಳಿಯದೆ ಕೈಯ ಸಾಧನವಾಗುತ್ತದೆ. ಒಂದು ಮೋಟಾರು ನಿಮಿಷಕ್ಕೆ 1440 ಸುತ್ತು ತಿರುಗುತ್ತದೆ. ಅದರ ಪುಲ್ಲಿಯ ವ್ಯಾಸ 10 ಸೆಂಟಿಮೀಟರು. ಬೆಲ್ಟಿನ ಮೂಲಕ ಅದು ತಿರುಗಿಸುವ ಯಂತ್ರದ ಪುಲ್ಲಿಯ ವ್ಯಾಸ 30 ಸೆಂಟಿಮೀಟರು. ಹಾಗಾದರೆ ಯಂತ್ರ ನಿಮಿಷಕ್ಕೆ 480 ಸುತ್ತು ತಿರುಗುತ್ತದೆ. ವ್ಯಾಸ ಮೂರು ಪಟ್ಟಾದಾಗ ವೇಗ ಮೂರರಲ್ಲಿ ಒಂದಕ್ಕೆ ಇಳಿಯಿತು, ವಿಲೋಮಾನುಪಾತವೆಂದರೆ ಇದೇ. ಈ ಲೆಕ್ಕ ತಿಳಿಯದವನು ಕೈಗೆ ಸಿಕ್ಕ ಪುಲ್ಲಿಯನ್ನು ತೊಡಿಸಿ ಯಂತ್ರವನ್ನು ಅತಿವೇಗದಿಂದ ಓಡಿಸಿ ಹಾಳುಮಾಡುತ್ತಾನೆ.

ಐ.ಟಿ.ಐ.ಯಲ್ಲಿ ಅಕ್ಷರಾಭ್ಯಾಸವಾದರೆ, ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ಕಳೆಯುವ ಅವಧಿಯಲ್ಲಿ ಓದು ಆರಂಭವಾಗುತ್ತದೆ. ಇಲ್ಲಿ ಕಲಿಯಬೇಕಾದ ಮುಖ್ಯ ವಿದ್ಯೆ ಕಾರಣವನ್ನು ಹುಡುಕುವುದು. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ನಾರು ತೆಗೆಯುವ ಕಾರ್ಖಾನೆಯೊಂದರಲ್ಲಿ ಸಿಪ್ಪೆ ಬಡಿಯುವ ಉರುಳೆಯ ಬೇರಿಂಗು ಕೆಟ್ಟುಹೋಯಿತೆನ್ನೋಣ. ಒಬ್ಬನು ಬಂದು ಹಳೆಯದನ್ನು ತೆಗೆದು ಹೊಸದನ್ನು ಹಾಕಿ ಹೋದನು. ಹದಿನೈದು ದಿನಗಳಲ್ಲಿ ಅದೂ ಕೆಟ್ಟಿತು. ಮತ್ತೆ ಬಂದು ಮತ್ತೊಂದನ್ನು ಹಾಕಿದನು. ಅದಕ್ಕೂ ಅದೇ ಗತಿಯಾಯಿತು. ಬೇರಿಂಗು ಕಳಪೆಯದೆಂದು ಅವನು ಅಂಗಡಿಯವನನ್ನು ದೂರಿದನು.

ಎರಡನೆಯವನು ಬಂದವನೇ ಸ್ಪ್ಯಾನರಿಗೆ ಕೈಹಾಕಲಿಲ್ಲ. ಯಂತ್ರ ನಡೆಸುವವನನ್ನು ಕರೆದು, “ಈ ಸದ್ದು ಎಂದಿನಿಂದ ಶುರುವಾಯಿತಪ್ಪಾ? ಅದಕ್ಕೂ ಮುಂಚೆ ಯಂತ್ರಕ್ಕೆ ಏನಾದರೂ ಮಾಡಿದ್ದಿರಾ?” ಎಂದು ಕೇಳಿದನು. ಸವೆದುಹೋದ ಕೆಲವು ಬಡಿಗೆಗಳನ್ನು ಬದಲಿಸಿದ್ದು ಅವನಿಗೆ ನೆನಪಾಯಿತು. ಯಂತ್ರ ನಿಲ್ಲಿಸಿ ಮುಚ್ಚಳ ತೆಗೆದು ನೋಡಿದಾಗ ಗುಟ್ಟು ರಟ್ಟಾಯಿತು. ಉರುಳೆಯ ಒಂದು ಪಾರ್ಶ್ವದಲ್ಲಿ ಹೊಸ ಬಡಿಗೆಗಳು, ಎದುರು ಪಾರ್ಶ್ವದಲ್ಲಿ ಸವೆದು ಹಗುರವಾದ ಹಳೆಯವು. ತೂಕದ ಈ ವ್ಯತ್ಯಾಸದಿಂದ ಉರುಳೆ ಪ್ರತಿ ಸುತ್ತಿನಲ್ಲಿಯೂ ನಡುಗುತ್ತಿತ್ತು. ನಡುಕದಿಂದ ಅಡಿಪಾಯದ ಬೋಲ್ಟುಗಳು ಸಡಿಲವಾಗಿದ್ದುವು. ಬೇರಿಂಗು ಆ ಏಟುಗಳನ್ನೆಲ್ಲ ತಿಂದು ಸಾಯುತ್ತಿತ್ತು. ಅವನು ಎದುರುಬದುರಿನ ಬಡಿಗೆಗಳನ್ನು ತೂಗಿ ಸಮಗೊಳಿಸಿ, ಬೋಲ್ಟುಗಳನ್ನು ಬಿಗಿದು, ಕೊನೆಯಲ್ಲಿ ಬೇರಿಂಗನ್ನು ಬದಲಿಸಿದನು. ಮೊದಲನೆಯವನು ‘ಏನು ಕೆಟ್ಟಿದೆ?’ ಎಂದಷ್ಟೇ ಕೇಳಿದ್ದನು. ಎರಡನೆಯವನು ‘ಏಕೆ ಕೆಟ್ಟಿತು?’ ಎಂದು ಕೇಳಿದನು. ಬಿಚ್ಚಿ ಜೋಡಿಸುವವನಿಗೂ ಮೆಕ್ಯಾನಿಕ್ಕಿಗೂ ಇರುವ ಅಂತರವೆಲ್ಲ ಈ ಒಂದು ಪ್ರಶ್ನೆಯಲ್ಲಿದೆ.

ಇಂಥವನಿಗೆ ಪಂಚೇಂದ್ರಿಯಗಳೂ ಉಪಕರಣಗಳೇ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಹೊರಮೈಗೆ ಮುಟ್ಟಿಸಿ, ಹಿಡಿಯನ್ನು ಕಿವಿಗೆ ಆನಿಸಿ ಅವನು ಆಲಿಸುತ್ತಾನೆ. ಒಳಗಿನದು ಆರೋಗ್ಯವಾಗಿದ್ದರೆ ಒಂದೇ ಸಮನಾದ ಝೇಂಕಾರ. ಗಾಯಗೊಂಡಿದ್ದರೆ ನಡುನಡುವೆ ಕಟಕಟ. ಅಟ್ಟದ ಕಾಯನ್ನು ಅಲ್ಲಾಡಿಸಿ ಕೊಬ್ಬರಿಯನ್ನು ಅರಿತ ರೈತನ ವಿದ್ಯೆಯೇ ಇಲ್ಲಿ ಮತ್ತೊಂದು ರೂಪದಲ್ಲಿ ಕಾಣಿಸುತ್ತದೆ. ಸುಟ್ಟ ರಬ್ಬರಿನ ವಾಸನೆ ಜಾರುತ್ತಿರುವ ಬೆಲ್ಟನ್ನು ತಿಳಿಸುತ್ತದೆ. ಅತಿಯಾದ ಬಿಸಿ ಗ್ರೀಸು ಕಡಿಮೆಯಾದುದನ್ನೋ, ವಿಚಿತ್ರವೆನಿಸಿದರೂ, ಹೆಚ್ಚಾದುದನ್ನೋ ತಿಳಿಸುತ್ತದೆ. ಕಂಡುದನ್ನು, ಕೇಳಿದುದನ್ನು, ಬದಲಿಸಿದುದನ್ನು ತಾರೀಖಿನೊಡನೆ ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯ ಮೆಕ್ಯಾನಿಕ್ಕಿನ ಲಕ್ಷಣ. ರೋಗ ಬಂದ ಮೇಲೆ ಮದ್ದು ಕೊಡುವುದಕ್ಕಿಂತ ಬಾರದಂತೆ ನೋಡಿಕೊಳ್ಳುವುದು ಮೇಲೆಂಬ ಮಾತು ಯಂತ್ರಗಳಿಗೂ ಸಲ್ಲುತ್ತದೆ.

ಆದರೆ ಯಂತ್ರಕ್ಕೆ ಕರುಣೆಯಿಲ್ಲವೆಂಬುದನ್ನು ಕ್ಷಣವೂ ಮರೆಯಲಾಗದು. ಅದಕ್ಕೆ ತೆಂಗಿನ ಸಿಪ್ಪೆಯೂ ಒಂದೇ, ಮನುಷ್ಯನ ಬೆರಳೂ ಒಂದೇ. ಸಡಿಲವಾದ ಅಂಗಿಯ ತೋಳು, ಹೆಗಲಮೇಲಿನ ವಸ್ತ್ರ, ಇಳಿಬಿಟ್ಟ ಜಡೆ, ಕೈಯ ದಾರ, ಇವುಗಳಲ್ಲಿ ಯಾವುದಾದರೊಂದು ತಿರುಗುವ ದಂಡಕ್ಕೆ ಸಿಕ್ಕರೂ ಅನಾಹುತ ತಪ್ಪದು. ಯಂತ್ರದ ಅಪಾಯಕರ ಭಾಗಗಳಿಗೆ ಭದ್ರವಾದ ಕಾಪು ಇರಬೇಕೆಂದು 1948ರ ಕಾರ್ಖಾನೆ ಕಾಯಿದೆಯೇ ವಿಧಿಸಿತ್ತು. ದುರಸ್ತಿಗೆ ಕೈಹಾಕುವ ಮುನ್ನ ಮುಖ್ಯ ಸ್ವಿಚ್ಚನ್ನು ಆರಿಸಿ, ಅದಕ್ಕೆ ಬೀಗ ಹಾಕಿ, ಬೀಗದ ಕೈಯನ್ನು ತನ್ನ ಜೇಬಿನಲ್ಲಿಯೇ ಇಟ್ಟುಕೊಳ್ಳಬೇಕೆಂಬುದು ಈ ವೃತ್ತಿಯ ಮೊದಲ ನಿಯಮ. ಒಳಗೆ ಒಬ್ಬನು ಕೈಯಿಟ್ಟಿರುವಾಗ ಹೊರಗೆ ಇನ್ನೊಬ್ಬನು ಅರಿಯದೆ ಸ್ವಿಚ್ಚು ಒತ್ತಿದರೆ ಆಗುವ ಹಾನಿಯನ್ನು ಯಾವ ಪರಿಹಾರವೂ ತುಂಬಿಕೊಡಲಾರದು. ‘ಒಂದೇ ನಿಮಿಷದ ಕೆಲಸ’ ಎಂಬ ಆತುರದಲ್ಲಿ ಬೀಗವನ್ನು ಮರೆಯುವವನು ಎಷ್ಟು ಜಾಣನಾದರೂ ಪೂರ್ಣ ಮೆಕ್ಯಾನಿಕ್ ಅಲ್ಲ.

ಕಲಿಕೆಗೆ ಇಲ್ಲಿ ಕೊನೆಯೆಂಬುದಿಲ್ಲ. ಶಾಖವನ್ನೂ ವೇಗವನ್ನೂ ತಾವೇ ಅಳೆದು ಯಂತ್ರವನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಸಾಧನಗಳು ಬಂದಿವೆ. ರಾಜ್ಯದ 150 ಸರ್ಕಾರಿ ಐ.ಟಿ.ಐ.ಗಳನ್ನು ಹೊಸ ಯಂತ್ರಗಳೊಡನೆ ಮೇಲ್ದರ್ಜೆಗೇರಿಸಿ 2022ರಲ್ಲಿ ಉದ್ಘಾಟಿಸಲಾಯಿತು. ಕಾರ್ಖಾನೆಗಳೂ ಕಾಲಕ್ಕೆ ತಕ್ಕಂತೆ ಹುಟ್ಟುತ್ತವೆ, ಮುಚ್ಚುತ್ತವೆ. ತುಮಕೂರಿನಲ್ಲಿ 1978ರಲ್ಲಿ ಸ್ಥಾಪನೆಯಾಗಿ ಮನೆಮನೆಗೂ ಕೈಗಡಿಯಾರ ಕೊಟ್ಟ ಎಚ್.ಎಂ.ಟಿ. ಕಾರ್ಖಾನೆಯು ಮುಚ್ಚಿಹೋಯಿತು. ಅದೇ ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯ ಉದ್ಘಾಟನೆಯಾಯಿತು. ಗಡಿಯಾರದ ಪುಟ್ಟ ಚಕ್ರಕ್ಕೂ ಹೆಲಿಕಾಪ್ಟರಿನ ದೊಡ್ಡ ರೆಕ್ಕೆಗೂ ಅಳತೆಯ ನಿಷ್ಠೆ ಒಂದೇ. ಕಾರ್ಖಾನೆಯ ಬಾಗಿಲಿಗೆ ಬೀಗ ಬೀಳಬಹುದು. ಕೈಗೆ ಹತ್ತಿದ ವಿದ್ಯೆಯನ್ನು ಯಾರೂ ಕಸಿದುಕೊಳ್ಳಲಾರರು.

ಇಷ್ಟಾದರೂ ಈ ವೃತ್ತಿಗೆ ಸಮಾಜದಲ್ಲಿ ಸಲ್ಲಬೇಕಾದ ಗೌರವ ಪೂರ್ತಿಯಾಗಿ ಸಂದಿಲ್ಲ. ಎಣ್ಣೆ ಹತ್ತಿದ ಬಟ್ಟೆಯನ್ನು ಕಂಡು ಮೂಗುಮುರಿಯುವವರೂ, ಓದಿನಲ್ಲಿ ಹಿಂದುಳಿದವರಿಗೆ ಮಾತ್ರ ಐ.ಟಿ.ಐ. ಎನ್ನುವವರೂ ಇದ್ದಾರೆ. ಹಿತ್ತಲ ಗಿಡ ಮದ್ದಲ್ಲವೆಂಬಂತೆ, ಊರಿನವನ ಕೈಗುಣವನ್ನು ನಂಬದೆ ಪಟ್ಟಣಕ್ಕೆ ಹೇಳಿಕಳುಹಿಸುವವರೂ ಉಂಟು. ಇದರ ಫಲವಾಗಿ ಹಳ್ಳಿಯ ಹುಡುಗರು ಯಾವ ಕಸುಬನ್ನೂ ಕಲಿಯದೆ ದೊಡ್ಡ ಊರುಗಳಲ್ಲಿ ಸಿಕ್ಕ ಕೆಲಸಕ್ಕೆ ನಿಲ್ಲುತ್ತಾರೆ. ಇತ್ತ ಅವರ ಊರಿನ ಯಂತ್ರಗಳು ಬಲ್ಲವರಿಗಾಗಿ ಕಾಯುತ್ತವೆ. ಹನ್ನೆರಡನೆಯ ಶತಮಾನದ ಶರಣರು ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಸಾರಿದ ನಾಡಿಗೆ ಇದು ಒಪ್ಪುವಂಥದಲ್ಲ. ತಲೆ ಒಂದು ಕಡೆ, ಕೈ ಇನ್ನೊಂದು ಕಡೆ ಎಂದು ಭಾಗಮಾಡುವುದೇ ತಪ್ಪು. ಉರುಳೆಯ ನಡುಕಕ್ಕೆ ಕಾರಣವನ್ನು ಕಂಡುಹಿಡಿದುದು ಕೈಯೋ ತಲೆಯೋ ಎಂದು ಕೇಳಿದರೆ ಉತ್ತರಿಸುವುದು ಸಾಧ್ಯವಿಲ್ಲ. ಅವೆರಡೂ ಕೂಡಿಯೇ ಆ ಕೆಲಸವನ್ನು ಮಾಡಿದುವು.

ಸಂಜೆಯ ಹೊತ್ತು ತೋಟಗಳ ನಡುವಿನ ಕಾರ್ಖಾನೆಯೊಂದರಿಂದ ಒಂದೇ ಶ್ರುತಿಯ ಸದ್ದು ಕೇಳಿಬರುತ್ತಿರುತ್ತದೆ. ದಾರಿಯಲ್ಲಿ ಹೋಗುವವರು ಅದನ್ನು ಗಮನಿಸುವುದಿಲ್ಲ. ಒಳಗೆ ತಿರುಳು ಹೊತ್ತಿಗೆ ಸರಿಯಾಗಿ ಒಣಗುತ್ತದೆ, ದುಡಿದವರಿಗೆ ಹೊತ್ತಿಗೆ ಸರಿಯಾಗಿ ಕೂಲಿ ಸಿಗುತ್ತದೆ, ಎಲ್ಲರೂ ಹತ್ತು ಬೆರಳುಗಳೊಡನೆ ಮನೆಗೆ ಮರಳುತ್ತಾರೆ. ಯಾವುದೂ ಕೆಡದೆ ಕಳೆದ ಆ ದಿನದ ಹಿಂದೆ ಒಬ್ಬ ಮೆಕ್ಯಾನಿಕ್ಕಿನ ಕಿವಿ, ಕಣ್ಣು, ಲೆಕ್ಕ, ಎಚ್ಚರಗಳು ದುಡಿದಿರುತ್ತವೆ. ಅವನ ಕೆಲಸ ಚೆನ್ನಾಗಿ ಆಗಿದೆಯೆಂಬುದಕ್ಕೆ, ಅದು ಯಾರ ಗಮನಕ್ಕೂ ಬಾರದಿರುವುದೇ ಸಾಕ್ಷಿ.